ಚಾವಣಿಯ ಬಿಳಿ ಡಬ್ಬಿಗಳು

ಕಚೇರಿಗಳಲ್ಲಿ, ಆಸ್ಪತ್ರೆಗಳಲ್ಲಿ, ವಿಮಾನ ನಿಲ್ದಾಣಗಳಲ್ಲಿ ಚಾವಣಿಗೆ ಅಂಟಿಕೊಂಡಿರುವ ಬಿಳಿಯ ಡಬ್ಬಿಗಳನ್ನು ನಾವು ನೋಡಿಯೂ ನೋಡದಂತೆ ನಡೆದುಹೋಗುತ್ತೇವೆ. ವೈ-ಫೈ ಹರಡುವ ಈ ಆಕ್ಸೆಸ್ ಪಾಯಿಂಟುಗಳ ಚರಿತ್ರೆಯು ಯಂತ್ರಗಳ ಚರಿತ್ರೆ ಎನ್ನುವುದಕ್ಕಿಂತ ಆಡಳಿತದ ಚರಿತ್ರೆಯೆಂದೇ ನಮಗೆ ತೋರುತ್ತದೆ. ತೀರ್ಮಾನಿಸುವ ಅಧಿಕಾರ ಸ್ಥಳದಲ್ಲಿರಬೇಕೇ, ಕೇಂದ್ರದಲ್ಲಿರಬೇಕೇ ಎಂಬ ಹಳೆಯ ವಾದ ಇಲ್ಲಿಯೂ ನಡೆದಿದೆ.

1985ರಲ್ಲಿ ಅಮೆರಿಕವು 2.4 ಗಿಗಾಹರ್ಟ್ಸ್ ಸೇರಿದಂತೆ ಕೆಲವು ರೇಡಿಯೊ ಪಟ್ಟಿಗಳನ್ನು ಪರವಾನಗಿಯಿಲ್ಲದ ಬಳಕೆಗೆ ತೆರೆಯಿತು. 1993ರಲ್ಲಿ ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಅಲೆಕ್ಸ್ ಹಿಲ್ಸ್, ಇಡೀ ಆವರಣಕ್ಕೆ ನಿಸ್ತಂತು ಜಾಲ ಹಾಸುವ 'ವೈರ್‌ಲೆಸ್ ಆಂಡ್ರ್ಯೂ' ಯೋಜನೆಗೆ ಕೈಹಾಕಿದರು. 802.11 ಎಂಬ ಮಾನಕ ಹೊರಬರಲು ಇನ್ನೂ ನಾಲ್ಕು ವರ್ಷವಿತ್ತು. ಡಬ್ಬಿಗಳು ವಿರಳವಾದರೆ ನಡುವೆ ಸಂಕೇತವಿಲ್ಲದ ಮೂಲೆಗಳು ಉಳಿಯುತ್ತವೆ; ದಟ್ಟವಾದರೆ ಒಂದರ ಮಾತಿನ ಮೇಲೆ ಇನ್ನೊಂದು ಮಾತಾಡುತ್ತದೆ. ಒಂದನ್ನೊಂದು ತಾಗದ ಚಾನೆಲ್‌ಗಳು ಆ ಪಟ್ಟಿಯಲ್ಲಿ ಮೂರೇ: 1, 6 ಮತ್ತು 11. ಮೇಲಂತಸ್ತಿನ ಸಂಕೇತ ನೆಲವನ್ನು ತೂರಿ ಕೆಳಗಿಳಿಯುವುದರಿಂದ ನಕ್ಷೆಯೊಂದನ್ನೇ ನಂಬುವಂತಿರಲಿಲ್ಲ. ಕಟ್ಟಡದಿಂದ ಕಟ್ಟಡಕ್ಕೆ ನಡೆದು ಅಳೆಯಬೇಕಿತ್ತು. ಈ ದುಡಿಮೆಯನ್ನು ಹಗುರಗೊಳಿಸಲು ಹಿಲ್ಸ್ ಮುಂದೆ 'ರೋಲ್‌ಅಬೌಟ್' ಎಂಬ, ತಳ್ಳುತ್ತ ಹೋದಂತೆ ಸಂಕೇತದ ಬಲವನ್ನು ದಾಖಲಿಸುವ ಗಾಲಿಯ ಗಾಡಿಯನ್ನೇ ರೂಪಿಸಿದರು.

ಆಗ ಪ್ರತಿಯೊಂದು ಡಬ್ಬಿಯೂ ಸ್ವತಂತ್ರ ಪಾಳೆಯಗಾರ. ಚಾನೆಲ್, ಶಕ್ತಿ, ಗುಪ್ತಪದ ಎಲ್ಲವೂ ಅದರ ಹೊಟ್ಟೆಯಲ್ಲೇ ಇರುತ್ತಿದ್ದವು. 2001ರಲ್ಲಿ ಫ್ಲೂರರ್, ಮಾಂಟಿನ್, ಶಮೀರ್ ಎಂಬ ಮೂವರು, ಅಂದಿನ 'ವೆಪ್' ಗೂಢಲಿಪಿಗೆ ಆಧಾರವಾದ ವಿಧಾನದಲ್ಲೇ ದೌರ್ಬಲ್ಯವಿದೆಯೆಂದು ತೋರಿಸಿದಾಗ ಈ ಏರ್ಪಾಡಿನ ಕಷ್ಟ ಬಯಲಾಯಿತು. ಭದ್ರತೆಯನ್ನು ಬದಲಿಸಬೇಕೆಂದರೆ ನೂರು ಡಬ್ಬಿಗಳನ್ನು ಒಂದೊಂದಾಗಿ ಮುಟ್ಟಬೇಕು!

ಉತ್ತರವಾಗಿ ಬಂದದ್ದು ಕಂಟ್ರೋಲರ್. ಏರ್‌ಸ್ಪೇಸ್ ಮತ್ತು 2002ರಲ್ಲಿ ಹುಟ್ಟಿದ ಅರೂಬಾ ಈ ದಾರಿಯ ಮುಂದಾಳುಗಳು. ಅರೂಬಾದ ಸಹಸಂಸ್ಥಾಪಕರ ಹೆಸರು ಕೀರ್ತಿ ಮೇಲುಕೋಟೆ. ಆ ಕುಲನಾಮದ ಬಳಿ ನಮ್ಮ ಕಣ್ಣು ಒಂದು ಕ್ಷಣ ನಿಂತಿತೆಂದರೆ ಓದುಗರು ಕ್ಷಮಿಸುವರು. ಹೊಸ ಏರ್ಪಾಡಿನಲ್ಲಿ ಡಬ್ಬಿ ಎಚ್ಚರಗೊಂಡೊಡನೆ ಜಾಲದಿಂದ ತನಗೊಂದು ವಿಳಾಸ ಪಡೆದು, "ನನ್ನ ಕಂಟ್ರೋಲರ್ ಎಲ್ಲಿ?" ಎಂದು ವಿಚಾರಿಸುತ್ತದೆ. ಉತ್ತರವನ್ನು ವಿಳಾಸ ಹಂಚುವ ಸರ್ವರಿನಲ್ಲೋ ಹೆಸರುಗಳ ಸರ್ವರಿನಲ್ಲೋ ಮೊದಲೇ ಬರೆದಿಟ್ಟಿರಬೇಕು. ಬಳಿಕ ಪ್ರಮಾಣಪತ್ರ ತೋರಿಸಿ, ತಂತ್ರಾಂಶದ ಆವೃತ್ತಿ ಬೇರೆಯಾಗಿದ್ದರೆ ಹೊಸದನ್ನು ತರಿಸಿಕೊಂಡು, ಮರುಹುಟ್ಟು ಪಡೆದು ಸೇವೆಗೆ ಹಾಜರಾಗುತ್ತದೆ. ಈ ಸಂಭಾಷಣೆಯ ಭಾಷೆ 2009ರಲ್ಲಿ 'ಕ್ಯಾಪ್‌ವ್ಯಾಪ್' ಎಂಬ ಮಾನಕವಾಯಿತು: ಆಜ್ಞೆಗಳಿಗೆ 5246, ದತ್ತಾಂಶಕ್ಕೆ 5247 ಎಂದು ಎರಡು ದ್ವಾರಗಳು. ಕ್ಷಣಾರ್ಧದ ಕೆಲಸಗಳು ಡಬ್ಬಿಗೆ. ಯಾರನ್ನು ಒಳಗೆ ಬಿಡಬೇಕೆಂಬ ಮಂಜೂರಾತಿ ಕೇಂದ್ರಕ್ಕೆ. ಬಳಕೆದಾರ ಒಂದು ಡಬ್ಬಿಯಿಂದ ಇನ್ನೊಂದರ ಕೆಳಗೆ ಸರಿದರೂ ಅವನ ವಿಳಾಸ ಬದಲಾಗದು. ಊರು ಬದಲಾದರೂ ಸೇವಾ ಪುಸ್ತಕ ಬದಲಾಗದ ಕೇಂದ್ರ ಸರ್ಕಾರಿ ನೌಕರರಾದ ನಮಗೆ ಇದು ಸುಲಭವಾಗಿ ಅರ್ಥವಾಗುತ್ತದೆ.

ಡಬ್ಬಿಗಳು ನೆರೆಯವರ ಸದ್ದು ಕೇಳಿ ವರದಿ ಮಾಡುವುದು, ಕಂಟ್ರೋಲರ್ ಚಾನೆಲ್ ಹಂಚುವುದು, ಈ ವಿಧಾನದ ಬಗ್ಗೆ 2004ರಲ್ಲಿ ಬರೆದವರಲ್ಲಿ ಗಾಲಿಗಾಡಿಯ ಹಿಲ್ಸ್ ಅವರೇ ಒಬ್ಬರು. ಇನ್ನೊಬ್ಬರು ಏರ್‌ಸ್ಪೇಸಿನ ಬಾಬ್ ಫ್ರೈಡೆ. ಮರುವರ್ಷ ಸಿಸ್ಕೊ 45 ಕೋಟಿ ಡಾಲರಿಗೆ ಏರ್‌ಸ್ಪೇಸನ್ನು ಕೊಂಡಿತು.

ಕೇಂದ್ರೀಕರಣಕ್ಕೆ ಬೆಲೆಯೂ ಇತ್ತು. ಪಕ್ಕದ ಕೋಣೆಯ ಮುದ್ರಕಕ್ಕೆ ಹೋಗುವ ಕಾಗದವೂ ದೂರದ ಕೇಂದ್ರಕ್ಕೆ ಹೋಗಿ ಮರಳುತ್ತಿತ್ತು. ತಂತಿ ಕಡಿದರೆ ಶಾಖಾ ಕಚೇರಿ ಮೂಕವಾಗುತ್ತಿತ್ತು. ಆದ್ದರಿಂದ ಕೆಲವು ಅಧಿಕಾರಗಳನ್ನು ಡಬ್ಬಿಗಳಿಗೇ ಮರಳಿಸಬೇಕಾಯಿತು. ಇದು ವಿವೇಕದ ಹೆಜ್ಜೆಯೆಂದು ನಮ್ಮ ಭಾವನೆ. ಅನಂತರ ಕಂಟ್ರೋಲರ್ ಕಟ್ಟಡವನ್ನೇ ಬಿಟ್ಟು ಕ್ಲೌಡ್ ಸೇರಿತು. 2006ರಲ್ಲಿ ಆರಂಭವಾದ ಮೆರಾಕಿಯನ್ನು ಸಿಸ್ಕೊ 2012ರಲ್ಲಿ 120 ಕೋಟಿ ಡಾಲರಿಗೆ ಕೊಂಡಿತು; ಅದೇ ಫ್ರೈಡೆ ಸಹಸಂಸ್ಥಾಪಕರಾಗಿದ್ದ ಮಿಸ್ಟ್ ಸಂಸ್ಥೆ 2019ರಲ್ಲಿ ಜೂನಿಪರ್ ಪಾಲಾಯಿತು. ಡಬ್ಬಿ ನಮ್ಮ ಚಾವಣಿಯಲ್ಲಿ, ಅದರ ತಲೆ ಪರರ ಮನೆಯಲ್ಲಿ. ಚಂದಾ ಮುಗಿದರೆ ಜಾಲವೇ ನಿಲ್ಲುವ ಏರ್ಪಾಡುಗಳೂ ಇವೆ. ಕೊಳ್ಳುವ ಕಡತದಲ್ಲಿ ಸಹಿ ಹಾಕುವವರು ಈ ಸಾಲನ್ನು ಎರಡು ಬಾರಿ ಓದಬೇಕು.

ನಮ್ಮ ದೇಶದಲ್ಲಿ 2016ರ ಜನವರಿಯಲ್ಲಿ ಗೂಗಲ್ ಮತ್ತು ರೈಲ್‌ಟೆಲ್ ಮುಂಬೈ ಸೆಂಟ್ರಲ್ ನಿಲ್ದಾಣದಿಂದ ಉಚಿತ ವೈ-ಫೈ ಆರಂಭಿಸಿದವು. 2018ರ ಹೊತ್ತಿಗೆ ಅದು 400 ನಿಲ್ದಾಣಗಳನ್ನು ಮುಟ್ಟಿತು. 2020ರಲ್ಲಿ ಗೂಗಲ್ ಹಿಂದೆ ಸರಿಯುವುದಾಗಿ ತಿಳಿಸಿತು. ಹಳಿಗಳುದ್ದಕ್ಕೂ ಹಾಸಿದ್ದ ಫೈಬರ್ ರೈಲ್‌ಟೆಲ್‌ನದೇ ಆಗಿತ್ತು. ನಿಲ್ದಾಣಗಳ ವೈ-ಫೈ ಮುಂದುವರಿಯಿತು.