ಮರಳಿನಡಿಯಿಂದ ಎದ್ದ ಮೋಟಾರು

ಹಳೆಯ ತಾಳೆಗರಿಯ ಕಟ್ಟನ್ನು ಬಿಚ್ಚಿ ಕುಳಿತವನ ಕಣ್ಣಿಗೆ ಕಾವ್ಯಕ್ಕಿಂತ ಮೊದಲು ಬೀಳುವುದು ಹುಳು ಕೊರೆದ ತೂತುಗಳು. ಒಂದೆಡೆ ಅಕ್ಷರವೇ ಇಲ್ಲ. ಇನ್ನೊಂದೆಡೆ ಸಾಲಿನ ಅರ್ಧ ಮುರಿದುಹೋಗಿದೆ. ಗರಿಯ ಅಂಚು ಪುಡಿಯಾಗಿ ಬೆರಳಿಗೆ ಹತ್ತುತ್ತದೆ. ಛಂದಸ್ಸು ಬಲ್ಲವನಿಗೆ ಹೋದ ಅಕ್ಷರವನ್ನು ಊಹಿಸುವುದು ಅಷ್ಟೇನೂ ಕಷ್ಟವಲ್ಲ. ಆದರೆ ಊಹಿಸಿ ತುಂಬಿದ್ದು ತನ್ನದು ಎಂಬುದನ್ನು ಮುಚ್ಚಿಟ್ಟು, ಅದನ್ನೇ ಕವಿಯ ಮಾತೆಂದು ಓದುಗರ ಕೈಗಿಟ್ಟರೆ ಅದು ಅಪರಾಧ. ನಾನು ಪಂಡಿತ ಪರೀಕ್ಷೆಗೆ ಓದುತ್ತಿದ್ದಾಗ ನಮ್ಮ ಗುರುಗಳು ಈ ಮಾತನ್ನು ಎಷ್ಟೋ ಸಲ ಹೇಳಿದ್ದರು. ಬಹಳ ವರ್ಷಗಳ ಮೇಲೆ, ಕಾವ್ಯಕ್ಕೂ ತಾಳೆಗರಿಗೂ ಸಂಬಂಧವೇ ಇಲ್ಲದ ಒಂದು ಮೋಟಾರು ಕಾರಿನ ಚರಿತ್ರೆಯನ್ನು ಓದುವಾಗ ಗುರುಗಳ ಮಾತು ಮತ್ತೆ ಕಿವಿಯಲ್ಲಿ ಮೊಳಗಿತು. ಆ ಕಾರಿನ ಕಥೆಯನ್ನೇ ಇಲ್ಲಿ ಹೇಳಬೇಕೆಂದಿದ್ದೇನೆ.

ಹಳೆಯ ಮೋಟಾರುಗಳನ್ನು ಹುಡುಕಿ ತಂದು, ಬಿಚ್ಚಿ, ತಿಕ್ಕಿ, ತಿದ್ದಿ, ಮತ್ತೆ ಓಡುವಂತೆ ಮಾಡುವುದು ಪಶ್ಚಿಮದ ದೇಶಗಳಲ್ಲಿ ಬಹುಕಾಲದಿಂದ ಬೇರೂರಿರುವ ಹವ್ಯಾಸ. ನಮ್ಮ ದೇಶದಲ್ಲಿಯೂ ಅದಕ್ಕೆ ಮನಸೋತವರು ಉಂಟು. ಇಂಥ ಬಂಡಿಗಳನ್ನು ‘ವಿಂಟೇಜ್ ಕಾರು’ ಎನ್ನುತ್ತಾರೆ. ಈ ಶಬ್ದದ ಮೂಲ ಸೊಗಸಾದುದು. ಲ್ಯಾಟಿನ್ ಭಾಷೆಯಲ್ಲಿ ದ್ರಾಕ್ಷಿಯ ಕೊಯ್ಲಿಗೆ ಇದ್ದ ಮಾತು ಫ್ರೆಂಚಿನ ಹಾದಿಯಾಗಿ ಇಂಗ್ಲಿಷಿಗೆ ಬಂದಿತು. ಮೊದಲು ದ್ರಾಕ್ಷಿಯ ಸುಗ್ಗಿಗೂ, ಆಮೇಲೆ ಇಂಥ ವರ್ಷದ ದ್ರಾಕ್ಷಾಮದ್ಯ ಎಂಬುದಕ್ಕೂ, ಕೊನೆಗೆ ಕಾಲ ಕಳೆದಷ್ಟೂ ಬೆಲೆ ಏರುವ ವಸ್ತುವಿಗೂ ಹೆಸರಾಯಿತು. ಇಂಗ್ಲೆಂಡಿನಲ್ಲಿ 1934ರಲ್ಲಿ ಹುಟ್ಟಿದ ವಿಂಟೇಜ್ ಸ್ಪೋರ್ಟ್ಸ್ ಕಾರ್ ಕ್ಲಬ್ಬಿನ ಲೆಕ್ಕದಲ್ಲಿ 1930ರ ಕೊನೆಯೊಳಗೆ ತಯಾರಾದವು ಮಾತ್ರ ವಿಂಟೇಜ್ ಬಂಡಿಗಳು. ನಾನು ಹೇಳುವ ಕಾರು ಆ ಗಡಿಯ ಒಳಗಿನದೇ. ಆದರೆ ಅದರ ಆಯುಷ್ಯದ ನಲವತ್ತೆರಡು ವರ್ಷ ಅದು ಸೂರ್ಯನ ಬೆಳಕನ್ನೇ ಕಾಣಲಿಲ್ಲ.

ಇಂಗ್ಲೆಂಡಿನ ಕೆಂಟ್ ಪ್ರಾಂತದಲ್ಲಿ ಕೌಂಟ್ ಲೂಯಿ ಝಬೊರೊವ್‌ಸ್ಕಿ ಎಂಬ ಸಿರಿವಂತ ತರುಣನಿದ್ದ. ವಿಮಾನದ ಇಂಜಿನ್ನುಗಳನ್ನು ಮೋಟಾರಿಗೆ ಹೂಡಿ ಓಡಿಸುವುದು ಅವನಿಗೆ ಹುಚ್ಚು. ಅವನ ‘ಚಿಟ್ಟಿ ಬ್ಯಾಂಗ್ ಬ್ಯಾಂಗ್’ ಎಂಬ ಬಂಡಿಗಳ ಹೆಸರು ಮುಂದೆ 1964ರಲ್ಲಿ ಇಯಾನ್ ಫ್ಲೆಮಿಂಗ್ ಬರೆದ ಮಕ್ಕಳ ಕಥೆಯೊಂದರಿಂದ ಲೋಕಕ್ಕೆಲ್ಲ ಪರಿಚಿತವಾಯಿತು. ಆತ ಕಟ್ಟಿಸಿದ ಇನ್ನೊಂದು ದೈತ್ಯ ಬಂಡಿ ‘ಹೈಯಮ್ ಸ್ಪೆಷಲ್’. ಅದಕ್ಕೆ ಹಾಕಿದ್ದು ಮೊದಲನೆಯ ಮಹಾಯುದ್ಧದ ವಿಮಾನಗಳಿಗಾಗಿ ಅಮೆರಿಕದವರು 1917ರಲ್ಲಿ ರೂಪಿಸಿದ ‘ಲಿಬರ್ಟಿ’ ಇಂಜಿನ್ನು: ಹನ್ನೆರಡು ಸಿಲಿಂಡರು, ಒಟ್ಟು 27 ಲೀಟರು ಗಾತ್ರ, ಸುಮಾರು 450 ಕುದುರೆಯ ಬಲ. ನಮ್ಮ ಊರ ಬೀದಿಗಳಲ್ಲಿ ಓಡಾಡುವ ಚಿಕ್ಕ ಕಾರಿನ ಇಡೀ ಇಂಜಿನ್ನು ಸುಮಾರು ಒಂದು ಲೀಟರಿನದು ಎಂದು ನೆನೆದರೆ ಈ ಗಾತ್ರದ ಅರಿವಾದೀತು. ಇಂಜಿನ್ನಿನ ಬಲವನ್ನು ಹಿಂದಿನ ಗಾಲಿಗಳಿಗೆ ಒಯ್ಯುತ್ತಿದ್ದುದು ಸೈಕಲ್ಲಿನಲ್ಲಿ ಇರುವಂಥ ಚೈನು, ಎರಡು ಪಕ್ಕಗಳಲ್ಲಿ ಒಂದೊಂದು. ಈ ಚೈನುಗಳನ್ನು ಓದುಗರು ನೆನಪಿನಲ್ಲಿ ಇಟ್ಟಿರಬೇಕು. 1924ರ ಅಕ್ಟೋಬರಿನಲ್ಲಿ ಇಟಲಿಯ ಮೊಂಜಾ ಪಂದ್ಯದಲ್ಲಿ ಬೇರೊಂದು ಕಾರನ್ನು ಓಡಿಸುತ್ತ ಝಬೊರೊವ್‌ಸ್ಕಿ ಸತ್ತನು. ಅವನ ಹೈಯಮ್ ಸ್ಪೆಷಲ್ಲನ್ನು 125 ಪೌಂಡು ಕೊಟ್ಟು ಕೊಂಡವರು ಪ್ಯಾರಿ-ಥಾಮಸ್.

ಜಾನ್ ಗಾಡ್‌ಫ್ರೀ ಪ್ಯಾರಿ-ಥಾಮಸ್ ವೇಲ್ಸ್ ದೇಶದವರು. 1884ರಲ್ಲಿ ರೆಕ್ಸಮ್ಮಿನಲ್ಲಿ ಹುಟ್ಟಿದವರು. ಲೇಲ್ಯಾಂಡ್ ಕಂಪನಿಯ ಮುಖ್ಯ ಇಂಜಿನಿಯರಾಗಿ ಹೆಸರು ಪಡೆದು, ಆ ಕೆಲಸವನ್ನು ಬಿಟ್ಟು, ಬ್ರೂಕ್‌ಲ್ಯಾಂಡ್ಸ್ ಎಂಬ ಪಂದ್ಯದ ಹಾದಿಯ ಒಳಗೇ ಮನೆ ಮಾಡಿಕೊಂಡಿದ್ದರು. ಹೊಸ ಬಂಡಿಗೆ ಅವರಿಟ್ಟ ಹೆಸರು ‘ಬ್ಯಾಬ್ಸ್’. ತಾವೇ ರೂಪಿಸಿದ ಪಿಸ್ಟನ್ನುಗಳನ್ನು ಅದಕ್ಕೆ ಹಾಕಿದರು; ನಾಲ್ಕು ಕಾರ್ಬುರೇಟರುಗಳನ್ನು ಕೂರಿಸಿದರು; ಗಾಳಿಯನ್ನು ಸೀಳಿಕೊಂಡು ಹೋಗುವಂತೆ ಮೇಲಿನ ತಗಡಿನ ಹೊದಿಕೆಯನ್ನು ತಿದ್ದಿದರು. ಅವರ ಮನಸ್ಸಿನಲ್ಲಿ ಇದ್ದುದು ಒಂದೇ: ನೆಲದ ಮೇಲೆ ಯಾರೂ ಹೋಗದಷ್ಟು ವೇಗದಲ್ಲಿ ಹೋಗಬೇಕು.

ಅಂಥ ಓಟಕ್ಕೆ ತಕ್ಕ ನೆಲ ವೇಲ್ಸಿನ ತೆಂಕಣ ತೀರದಲ್ಲಿತ್ತು. ಕಾರ್ಮಾರ್ಥನ್ ಕೊಲ್ಲಿಯ ದಡದ ಪೆಂಡೈನ್ ಎಂಬ ಹಳ್ಳಿಯ ಮುಂದೆ ಸುಮಾರು ಏಳು ಮೈಲಿ ಉದ್ದದ ಮರಳ ಹಾಸು ಇದೆ. ಸಮುದ್ರ ಇಳಿದಾಗ ಅದು ಗಟ್ಟಿಯಾಗಿ, ಸಮವಾಗಿ, ಅಂಗಳದಂತೆ ಕಾಣುತ್ತದೆ. ಅಲ್ಲಿ 1926ರ ಏಪ್ರಿಲ್ 27ರಂದು ಥಾಮಸರು ಬ್ಯಾಬ್ಸನ್ನು ಗಂಟೆಗೆ 169.30 ಮೈಲಿ ವೇಗದಲ್ಲಿ ಓಡಿಸಿದರು. ಅದಕ್ಕೆ ಹಿಂದಿನ ದಾಖಲೆ 152 ಮೈಲಿಯಷ್ಟು. ಮರುದಿನವೇ ತಮ್ಮ ದಾಖಲೆಯನ್ನು ತಾವೇ ಮುರಿದು 171.02ಕ್ಕೆ ಏರಿಸಿದರು. ನಮ್ಮ ಈಗಿನ ಲೆಕ್ಕದಲ್ಲಿ ಅದು ಸುಮಾರು 275 ಕಿಲೋಮೀಟರು. ಮುಂದಿನ ವರ್ಷ ಫೆಬ್ರವರಿ 4ರಂದು ಅದೇ ಮರಳಿನ ಮೇಲೆ ಮಾಲ್ಕಂ ಕ್ಯಾಂಪ್‌ಬೆಲ್ 174.88 ಮೈಲಿ ಸಾಧಿಸಿದರು. ಕಳೆದುಹೋದ ಕೀರ್ತಿಯನ್ನು ಮರಳಿ ಪಡೆಯಲು ಥಾಮಸರು ಬ್ಯಾಬ್ಸಿನೊಡನೆ ಮತ್ತೆ ಪೆಂಡೈನಿಗೆ ಬಂದರು.

1927ರ ಮಾರ್ಚ್ 3. ಓಟದ ನಡುವೆ ಬಂಡಿ ಹತೋಟಿ ತಪ್ಪಿ ಉರುಳಿತು. ಥಾಮಸರು ಸ್ಥಳದಲ್ಲಿಯೇ ತೀರಿಕೊಂಡರು. ನೆಲದ ಮೇಲಿನ ವೇಗದ ದಾಖಲೆಗಾಗಿ ಓಡುತ್ತ ಪ್ರಾಣ ಬಿಟ್ಟವರಲ್ಲಿ ಅವರೇ ಮೊದಲಿಗರು. ಬಲಗಡೆಯ ಚೈನು ತುಂಡಾಗಿ ಅವರ ತಲೆಗೆ ಬಡಿಯಿತೆಂದು ಜನ ಹೇಳಿದರು. ಪುಸ್ತಕಗಳೂ ಅದನ್ನೇ ಬರೆದವು. ಅವರ ದೇಹವನ್ನು ಬ್ರೂಕ್‌ಲ್ಯಾಂಡ್ಸಿಗೆ ಹತ್ತಿರದ ಬೈಫ್ಲೀಟ್ ಎಂಬ ಊರಿನ ಚರ್ಚಿನ ಅಂಗಳದಲ್ಲಿ ಸಮಾಧಿ ಮಾಡಿದರು. ವಿಚಾರಣೆ ಮುಗಿದ ಮೇಲೆ ಬ್ಯಾಬ್ಸನ್ನು ಪೆಂಡೈನಿನ ಮರಳ ದಿಬ್ಬದಲ್ಲಿ ಗುಂಡಿ ತೋಡಿ ಹೂಳಿದರು. ಆ ತಿಂಗಳು ಮುಗಿಯುವುದರೊಳಗೆ ಅಮೆರಿಕದ ಡೇಟೋನಾ ತೀರದಲ್ಲಿ ಸೀಗ್ರೇವ್ ಎಂಬವರು 203 ಮೈಲಿಯನ್ನು ದಾಟಿದರು. ಒಬ್ಬ ಮನುಷ್ಯ ಪ್ರಾಣ ತೆತ್ತ ಅಂಕಿಯನ್ನು ಲೋಕ ಇಪ್ಪತ್ತಾರು ದಿನಗಳಲ್ಲಿ ಹಿಂದೆ ಬಿಟ್ಟಿತು.

ಮುಂದೆ ಆ ದಿಬ್ಬಗಳ ಪ್ರದೇಶ ಸೈನ್ಯದ ವಶಕ್ಕೆ ಹೋಯಿತು. ಗಾಳಿ ಮರಳನ್ನು ಅತ್ತಿತ್ತ ಸರಿಸಿತು. ಹೀಗಿರುವಾಗ ಉತ್ತರ ವೇಲ್ಸಿನ ಬ್ಯಾಂಗರ್ ಟೆಕ್ನಿಕಲ್ ಕಾಲೇಜಿನಲ್ಲಿ ಇಂಜಿನಿಯರಿಂಗ್ ಪಾಠ ಹೇಳುತ್ತಿದ್ದ ಓವೆನ್ ವಿನ್ ಓವೆನ್ ಎಂಬ ಉಪಾಧ್ಯಾಯರ ಮನಸ್ಸು ಆ ಹೂತ ಕಾರಿನ ಕಡೆಗೆ ತಿರುಗಿತು. ಹಳೆಯ ಯಂತ್ರಗಳನ್ನು ಸರಿಪಡಿಸುವುದು ಅವರ ಹವ್ಯಾಸ. ಅಗೆಯಲು ಅನುಮತಿ ಬೇಕು. ಅದಕ್ಕಿಂತ ಹೆಚ್ಚಾಗಿ ಜನರ ಮನಸ್ಸು ಒಪ್ಪಬೇಕು. ಸತ್ತವರ ಬಂಡಿಯನ್ನು ಅದರ ಪಾಡಿಗೆ ಬಿಡಬೇಕೆಂದವರು ಇದ್ದರು. ಕೊನೆಗೆ ಅನುಮತಿ ದೊರೆತು, 1969ರಲ್ಲಿ ಬ್ಯಾಬ್ಸನ್ನು ಹೊರಕ್ಕೆ ತೆಗೆದರು.

ನಾನು ಈ ಸಂಗತಿಯನ್ನು ತರಗತಿಯಲ್ಲಿ ಹೇಳಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಮೇಷ್ಟ್ರೇ, ಅದು ಗೋರಿ ಅಗೆದ ಹಾಗೆ ಆಗಲಿಲ್ಲವೆ?” ಎಂದು ಕೇಳಿದಳು. ಪ್ರಶ್ನೆ ಸಾಧಾರಣದ್ದಲ್ಲ. “ಥಾಮಸರ ಗೋರಿ ಅಲ್ಲಿಲ್ಲಮ್ಮ, ಅದು ನೂರಾರು ಮೈಲಿ ಆಚೆ ಇದೆ” ಎಂದು ಆ ಕ್ಷಣಕ್ಕೆ ಉತ್ತರ ಕೊಟ್ಟೆ. ಮನೆಗೆ ಬರುವ ದಾರಿಯಲ್ಲಿ ಆ ಉತ್ತರ ನನಗೇ ಸಾಲದೆಂದು ಕಂಡಿತು. ಹೂತವರು ಮರ್ಯಾದೆಯಿಂದಲೇ ಹೂತಿದ್ದರು. ತೆಗೆಯುವವನಿಗೂ ಅಷ್ಟೇ ಮರ್ಯಾದೆ ಇರಬೇಕು. ಅದು ಇತ್ತೋ ಇಲ್ಲವೋ ಎಂಬುದು ಮುಂದೆ ಅವನು ಮಾಡುವ ಕೆಲಸದಿಂದ ಗೊತ್ತಾಗಬೇಕಷ್ಟೆ.

ಕೆಲಸವೋ, ಸುಲಭದ್ದಲ್ಲ. ಉಪ್ಪುನೀರು ಕುಡಿದ ಮರಳಿನಲ್ಲಿ ನಲವತ್ತು ವರ್ಷ ಕುಳಿತ ಲೋಹದ ಅವಸ್ಥೆ ಏನಾಗಿರಬೇಡ! ಅಲ್ಯುಮಿನಿಯಮ್ಮೂ ಉಕ್ಕೂ ಒಂದಕ್ಕೊಂದು ತಾಗಿಕೊಂಡು ಉಪ್ಪುನೀರಿನಲ್ಲಿ ನೆನೆದರೆ ವಿದ್ಯುತ್ ಕೋಶದೊಳಗಿನ ಕ್ರಿಯೆಯೇ ಅಲ್ಲಿ ನಡೆದು, ಅಲ್ಯುಮಿನಿಯಮ್ಮು ಬೇಗ ಬೇಗ ತಿಂದುಹೋಗುತ್ತದೆ. ಬ್ಯಾಬ್ಸಿನ ಮೈಹೊದಿಕೆಯ ಬಹುಭಾಗ ಹಾಗೆಯೇ ನಶಿಸಿತ್ತು. ಕಬ್ಬಿಣದ ತೊಂದರೆ ಇನ್ನೊಂದು ಬಗೆಯದು. ಮಣ್ಣಿನೊಳಗೆ ಗಾಳಿ ಕಡಿಮೆಯಾದ್ದರಿಂದ ಒಂದಿಷ್ಟು ಉಳಿದ ಕಬ್ಬಿಣ, ಹೊರಗೆ ಬಂದೊಡನೆ ಒಳಗಿನ ಉಪ್ಪಿಗೆ ಗಾಳಿ ಸೇರಿ, ಹಿಂದಿಗಿಂತ ವೇಗವಾಗಿ ತುಕ್ಕು ಹಿಡಿಯುತ್ತದೆ. ಆದ್ದರಿಂದ ಹೂತ ವಸ್ತುವನ್ನು ಎತ್ತಿದ ದಿನದಿಂದಲೇ ಅದರ ಆರೈಕೆ ಶುರುವಾಗಬೇಕು.

ಇಂಥ ಜೀರ್ಣೋದ್ಧಾರದ ಕ್ರಮ ಎಲ್ಲ ಹಳೆಯ ಬಂಡಿಗಳಿಗೂ ಹೆಚ್ಚುಕಡಮೆ ಒಂದೇ. ಬಿಚ್ಚುವುದಕ್ಕೆ ಮೊದಲು ಪ್ರತಿಯೊಂದು ಭಾಗದ ಚಿತ್ರ ತೆಗೆಯಬೇಕು. ಬಿಚ್ಚಿದ್ದಕ್ಕೆಲ್ಲ ಚೀಟಿ ಕಟ್ಟಬೇಕು. ಹಿಡಿದುಕೊಂಡ ನಟ್ಟನ್ನು ಬಲ ಹಾಕಿ ತಿರುಗಿಸಿದರೆ ಬೋಲ್ಟೇ ಮುರಿಯುತ್ತದೆ; ಎಣ್ಣೆಯಲ್ಲಿ ದಿನಗಟ್ಟಲೆ ನೆನೆಸಿ, ಹದವಾಗಿ ಕಾಯಿಸಿ, ಕೂದಲೆಳೆಯಷ್ಟೇ ತಿರುಗಿಸಿ ಮತ್ತೆ ಕಾಯಬೇಕು. ಸವೆದ ಭಾಗವನ್ನು ಎಸೆಯುವಂತಿಲ್ಲ, ಹೊಸದನ್ನು ಮಾಡಲು ಅದೇ ಅಳತೆಗೋಲು. ಹಣಕ್ಕಿಂತ ತಾಳ್ಮೆ ಹೆಚ್ಚು ಬೇಡುವ ವಿದ್ಯೆ ಇದು. ಬ್ಯಾಬ್ಸಿಗಾಗಿ ಓವೆನ್ ಅವರು ಸವೆಸಿದ್ದು ಸುಮಾರು ಹದಿನೈದು ವರ್ಷ. ಹಗಲು ಪಾಠ, ಬಿಡುವಿನಲ್ಲಿ ಬ್ಯಾಬ್ಸ್. ಆ ಹೊತ್ತಿಗೆ ಅವರ ಕೈಯಲ್ಲಿ ಓದಿದ ಮಕ್ಕಳು ಎಷ್ಟೋ ಮಂದಿ ಸಂಸಾರಸ್ಥರಾಗಿರಬೇಕು.

ಈ ದುಡಿಮೆಯಿಂದ ಚರಿತ್ರೆಗೆ ಒಂದು ದೊಡ್ಡ ಲಾಭವಾಯಿತು. ಚೈನು ತುಂಡಾಗಿ ಥಾಮಸರು ಸತ್ತರೆಂಬ ಮಾತನ್ನು ನಲವತ್ತು ವರ್ಷ ಎಲ್ಲರೂ ನಂಬಿದ್ದರಷ್ಟೆ. ಅದನ್ನು ಪರೀಕ್ಷಿಸಲು ಇದ್ದ ಸಾಕ್ಷಿ ಒಂದೇ, ಅದೂ ಮರಳಿನಡಿಯಲ್ಲಿ. ಹೊರಬಂದ ಬಂಡಿಯ ಭಾಗಗಳನ್ನು ಪರಿಶೀಲಿಸಿದವರಿಗೆ ಹಿಂದಿನ ಬಲಗಾಲಿಯೇ ಮೊದಲು ಕೈಕೊಟ್ಟಿರುವ ಸಂಭವ ಕಂಡುಬಂದಿತು. ಗಾಲಿ ಮುರಿದು ಬಂಡಿ ಹೊರಳಿದಾಗ ಚೈನು ತುಂಡಾಗಿದ್ದರೆ ಅದು ಪರಿಣಾಮವೇ ಹೊರತು ಕಾರಣವಲ್ಲ. ಕಾರ್ಯವನ್ನು ಕಾರಣವೆಂದು ಭ್ರಮಿಸುವುದು ತರ್ಕಶಾಸ್ತ್ರದಲ್ಲಿ ಹಳೆಯ ದೋಷ. ಬ್ಯಾಬ್ಸ್ ಮರಳಿನಲ್ಲಿಯೇ ಇದ್ದಿದ್ದರೆ ಆ ದೋಷವನ್ನು ತಿದ್ದುವ ದಾರಿಯೇ ಇರುತ್ತಿರಲಿಲ್ಲ. ತನ್ನ ಬಂಡಿಯ ಚೈನನ್ನು ತಾನೇ ಸರಿಯಾಗಿ ಕಟ್ಟಿಕೊಳ್ಳದೆ ಸತ್ತ ಇಂಜಿನಿಯರು ಎಂಬ ಮಾತು ಥಾಮಸರ ಹೆಸರಿಗೆ ಅಂಟಿಯೇ ಇರುತ್ತಿತ್ತು. ಆ ಹುಡುಗಿಗೆ ನಾನು ಕೊಡಬೇಕಾಗಿದ್ದ ಉತ್ತರ ಇದು. ಮರುದಿನ ತರಗತಿಗೆ ಹೋಗಿ ಅದನ್ನು ಹೇಳಿದೆ.

ಇಷ್ಟಾದರೂ ನಮ್ಮ ಗುರುಗಳ ಪ್ರಶ್ನೆ ಉಳಿದೇ ಇದೆ. ಹೊದಿಕೆ ಹೊಸದು, ತುಕ್ಕು ತಿಂದ ಭಾಗಗಳ ಬದಲಿಗೆ ಬಂದವು ಹೊಸವು. ಹೀಗಿರುವಾಗ ಇಂದು ಕಾಣುವ ಬ್ಯಾಬ್ಸ್ ಥಾಮಸರ ಬ್ಯಾಬ್ಸೇ? ಹಳೆಯ ಕಾರಿನ ಹವ್ಯಾಸಿಗಳಲ್ಲಿ ಇದು ಎಂದೂ ಮುಗಿಯದ ಚರ್ಚೆ. ಎಲ್ಲವನ್ನೂ ಹೊಸದಾಗಿ ಮಾಡಿ, ಅಂಗಡಿಯಿಂದ ಈಗ ತಂದಂತೆ ಥಳಥಳಿಸಬೇಕು ಎನ್ನುವವರು ಒಂದು ಪಕ್ಷ. ಮಾಸಿದ ಬಣ್ಣ, ಸವೆದ ತೊಗಲು, ಬಿದ್ದ ಗೀರು ಇವೇ ಬಂಡಿಯ ಆತ್ಮಕಥೆ, ಅವನ್ನು ಅಳಿಸಬಾರದು ಎನ್ನುವವರು ಇನ್ನೊಂದು ಪಕ್ಷ. ಹಳೆಯ ಕಟ್ಟಡಗಳ ರಕ್ಷಣೆಗೆ 1964ರಲ್ಲಿ ವೆನಿಸ್ ನಗರದಲ್ಲಿ ವಿದ್ವಾಂಸರು ಕೆಲವು ನಿಯಮಗಳನ್ನು ಮಾಡಿದರು. ಅದೇ ಮಾದರಿಯಲ್ಲಿ ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವು 2012ರಲ್ಲಿ ಟ್ಯೂರಿನ್ ಸನ್ನದನ್ನು ಅಂಗೀಕರಿಸಿತು. ಅದರ ಸಾರ ಇಷ್ಟೇ: ಉಳಿದುದನ್ನು ಆದಷ್ಟೂ ಉಳಿಸು, ಅಗತ್ಯವಾದಷ್ಟೇ ಸೇರಿಸು, ಸೇರಿಸಿದ್ದನ್ನು ಬರೆದಿಡು. ಗ್ರಂಥಸಂಪಾದನೆಯ ಧರ್ಮವೂ ಇದೇ ಅಲ್ಲವೆ?

ಓವೆನ್ ಅವರ ಎದುರಿಗೆ ಇನ್ನೊಂದು ದಾರಿಯೂ ಇತ್ತು. ತುಕ್ಕಿನ ರಾಶಿಯನ್ನು ಹಾಗೆಯೇ ಗಾಜಿನ ಪೆಟ್ಟಿಗೆಯಲ್ಲಿ ಇಡಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಥಾಮಸರು ಬ್ಯಾಬ್ಸನ್ನು ಕಟ್ಟಿದ್ದು ಓಡಲೆಂದು. ಅದರ ಅರ್ಥ ಓಟದಲ್ಲಿದೆ. ಪದ್ಯವನ್ನು ಕಣ್ಣಿನಿಂದ ಓದಿದರೆ ಸಾಲದು, ರಾಗವಾಗಿ ಹೇಳಿ ಕೇಳಬೇಕು ಎಂದು ನಾವು ಹೇಳುವುದಿಲ್ಲವೆ? ಹಾಗೆಯೇ ಆ ಹನ್ನೆರಡು ಸಿಲಿಂಡರುಗಳ ಗರ್ಜನೆ ಮತ್ತೆ ಕೇಳಿಸಿತು. ಬ್ಯಾಬ್ಸ್ ಪೆಂಡೈನಿನ ವಸ್ತುಸಂಗ್ರಹಾಲಯದಲ್ಲಿಯೂ, ಥಾಮಸರು ಬಾಳಿದ ಬ್ರೂಕ್‌ಲ್ಯಾಂಡ್ಸಿನಲ್ಲಿಯೂ ಜನರ ಕಣ್ಣಿಗೆ ಬಿದ್ದಿತು. ಅದರ ಯಾವ ಭಾಗ 1926ರದು, ಯಾವುದು ಆಮೇಲಿನದು ಎಂದು ಕೇಳುವ ಹಕ್ಕು ನೋಡುವವರಿಗಿದೆ. ಹೇಳುವ ಹೊಣೆ ಕಾಪಾಡುವವರದು.

ಕಾಪಾಡುವ ಮಾತು ಬಂದಿತು. ಅದನ್ನೂ ಎರಡು ಮಾತಿನಲ್ಲಿ ಹೇಳಿಬಿಡಬೇಕು. ಸರಿಪಡಿಸಿದ ಬಂಡಿಯನ್ನು ಮುಸುಕು ಹಾಕಿ ನಿಲ್ಲಿಸಿದರೆ ಕೆಲಸ ಮುಗಿಯಲಿಲ್ಲ. ನಿಂತ ಇಂಜಿನ್ನಿನ ಒಳಗೋಡೆಗಳಿಂದ ಎಣ್ಣೆ ಇಳಿದುಹೋಗುತ್ತದೆ. ತೇವ ಕೂತು ತುಕ್ಕು ಹಿಡಿಯುತ್ತದೆ. ಪೆಟ್ರೋಲು ಕಾರ್ಬುರೇಟರಿನಲ್ಲಿ ಅಂಟಾಗಿ ಗಟ್ಟಿಯಾಗುತ್ತದೆ. ಟಯರು ಒಂದೇ ಕಡೆ ಭಾರ ಹೊತ್ತು ಚಪ್ಪಟೆಯಾಗುತ್ತದೆ. ಆಗಾಗ ಓಡಿಸಬೇಕು, ಎಣ್ಣೆ ಬದಲಾಯಿಸಬೇಕು, ಕಿವಿಗೊಟ್ಟು ಅದರ ಸದ್ದನ್ನು ಕೇಳಬೇಕು. ಬಳಸದೆ ಕಾಪಾಡುತ್ತೇನೆ ಎಂಬುದು ಯಂತ್ರದ ಮಟ್ಟಿಗೆ ಸುಳ್ಳು. ಭಾಷೆಯ ಮಟ್ಟಿಗೂ ಹಾಗೆಯೇ.

ನಮ್ಮ ನಿಮ್ಮ ಮನೆಗಳ ಅಟ್ಟದ ಮೇಲೂ ಹಳೆಯ ವಸ್ತುಗಳಿರುತ್ತವೆ: ಅಜ್ಜನ ಗಡಿಯಾರ, ಹೊಲಿಗೆಯ ಯಂತ್ರ, ವಾಲ್ವಿನ ರೇಡಿಯೋ. ಗುಜರಿಯವನಿಗೆ ಹಾಕುವ ಮೊದಲು ಒಂದು ದಿನ ಅದನ್ನು ಕೆಳಗಿಳಿಸಿ, ಧೂಳು ಒರೆಸಿ, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಂದೊಂದೇ ತಿರುಪನ್ನು ಬಿಚ್ಚಿ ನೋಡಿ. ಬಿಚ್ಚಿದ್ದನ್ನು ಚೀಟಿಯಲ್ಲಿ ಬರೆದಿಡುವುದನ್ನು ಮಾತ್ರ ಮರೆಯಬೇಡಿ.