ಕೋಕೋ ಬೆಳೆದವರ ಪಾಲು

ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಗಳನ್ನು ನಡೆಸಿ ನಮ್ಮವರಿಗೆ ಚಿರಪರಿಚಿತರಾದ ಬಾಸೆಲ್ ಮಿಷನ್ನಿನವರು ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಪಶ್ಚಿಮ ಆಫ್ರಿಕದ ಗೋಲ್ಡ್ ಕೋಸ್ಟಿನ ಅಕ್ವಾಪಿಮ್ ಬೆಟ್ಟಗಳಲ್ಲಿ ಕೋಕೋ ಸಸಿಗಳನ್ನು ನೆಟ್ಟು ನೋಡಿದ್ದರಾದರೂ, ಆ ಬೆಳೆ ಅಲ್ಲಿ ಬೇರೂರಿದ್ದು ಫರ್ನಾಂಡೊ ಪೋ ದ್ವೀಪದಲ್ಲಿ ದುಡಿದು 1879ರ ಸುಮಾರಿಗೆ ಬೀಜಗಳೊಡನೆ ಹಿಂದಿರುಗಿದ ಟೆಟ್ಟೆ ಕ್ವಾರ್ಶಿ ಎಂಬ ಕಮ್ಮಾರನಿಂದ ಎಂದು ಆ ನಾಡಿನವರು ಅಭಿಮಾನದಿಂದ ಹೇಳುವರು. ಅನಂತರದ ವಿಸ್ತಾರಕ್ಕೆ ಯಾವ ಸರ್ಕಾರದ ಯೋಜನೆಯೂ ಕಾರಣವಲ್ಲ. ಅಕ್ವಾಪಿಮ್ ಮತ್ತು ಕ್ರೋಬೊ ಜನರು ಹಣ ಕೂಡಿಸಿ ಅಕಿಮ್ ಪ್ರಾಂತದ ಕಾಡುನೆಲವನ್ನು ಕ್ರಯಕ್ಕೆ ಕೊಂಡು, ಗಿಡ ನೆಟ್ಟು, ಫಲಕ್ಕಾಗಿ ವರ್ಷಗಟ್ಟಲೆ ಕಾದು, ಒಂದು ತೋಟದ ಆದಾಯದಿಂದ ಮತ್ತೊಂದನ್ನು ಸಂಪಾದಿಸುತ್ತ ಪಶ್ಚಿಮಾಭಿಮುಖವಾಗಿ ಮುಂದುವರಿದರು. 1911ರ ವೇಳೆಗೆ ಆ ನಾಡು ಕೋಕೋ ಉತ್ಪಾದನೆಯಲ್ಲಿ ಜಗತ್ತಿನಲ್ಲಿಯೇ ಅಗ್ರಸ್ಥಾನವನ್ನು ಪಡೆದಿದ್ದಿತು.

ಇಂತಹ ಸ್ವಯಂಪ್ರೇರಿತ ರೈತರ ಶ್ರಮಫಲವು ಯಾರ ಕೈ ಸೇರಿತೆಂಬುದೇ ಮುಂದೆ ಘಾನಾ ಎನಿಸಿದ ಆ ನಾಡಿನ ಆರ್ಥಿಕ ಚರಿತ್ರೆಯ ಮರ್ಮವೆಂದು ನನ್ನ ಭಾವನೆ. 1937ರಲ್ಲಿ ಯೂರೋಪಿನ ಖರೀದಿ ಕಂಪನಿಗಳು ಪರಸ್ಪರ ಒಪ್ಪಂದದಿಂದ ಬೆಲೆಯನ್ನು ಅದುಮಲೆತ್ನಿಸಿದಾಗ ಬೆಳೆಗಾರರು ಮಾಲನ್ನು ಮಾರದೆ ತಿಂಗಳುಗಟ್ಟಲೆ ತಡೆಹಿಡಿದರು. ಮಹಾಯುದ್ಧಾನಂತರ, 1947ರಲ್ಲಿ, ಸುಭಿಕ್ಷಕಾಲದ ಲಾಭದ ಒಂದಂಶವನ್ನು ಕಾದಿರಿಸಿ ಬೆಲೆ ಕುಸಿದಾಗ ರೈತನಿಗೆ ಆಸರೆಯಾಗಲೆಂಬ ಉದ್ದೇಶದಿಂದ ಕೋಕೋ ಮಾರಾಟ ಮಂಡಲಿಯು ಸ್ಥಾಪಿತವಾಯಿತು. ಉದ್ದೇಶವೇನೋ ಸಾಧುವಾದುದೇ, ಆದರೆ 1954ರಲ್ಲಿ ಜಾಗತಿಕ ಬೆಲೆಯು ಉತ್ತುಂಗದಲ್ಲಿದ್ದಾಗಲೇ ರೈತನಿಗೆ ಅರುವತ್ತು ಪೌಂಡಿನ ಹೊರೆಗೆ 72 ಷಿಲಿಂಗೆಂದು ದರವನ್ನು ಕಟ್ಟಿಹಾಕಿದಾಗ, ಅಶಾಂಟಿ ಪ್ರಾಂತದ ಬೆಳೆಗಾರರ ಕ್ರೋಧವು ಅದೇ ವರ್ಷ ರಾಷ್ಟ್ರೀಯ ವಿಮೋಚನಾ ಚಳವಳಿಯೆಂಬ ವಿರೋಧ ಪಕ್ಷವಾಗಿ ಸಿಡಿದೆದ್ದಿತು.

1957ರ ಮಾರ್ಚ್ 6ರಂದು ದೇಶವು ಘಾನಾ ಎಂಬ ಹೆಸರಿನಿಂದ ಸ್ವತಂತ್ರವಾದ ಮೇಲೆ ಅದರ ನಾಯಕ ಕ್ವಾಮೆ ಎನ್‌ಕ್ರುಮಾ ಅವರು ಟೆಮಾ ಬಂದರನ್ನೂ ವೋಲ್ಟಾ ನದಿಗೆ ಅಕೊಸೊಂಬೊ ಅಣೆಕಟ್ಟನ್ನೂ ನಿರ್ಮಿಸಿದರು. ಅವು ಇಂದಿಗೂ ದೇಶಕ್ಕೆ ಆಧಾರವಾಗಿರುವುದರಿಂದ ಅವರ ಕನಸನ್ನು ಹಳಿಯುವುದು ನ್ಯಾಯವಲ್ಲ. ಆದರೆ ಆ ಕನಸಿನ ಋಣವನ್ನು ಹೊತ್ತವನು ಕೋಕೋ ರೈತನೆಂಬುದನ್ನು ಮರೆಯಲಾಗದು. 1964–65ರಲ್ಲಿ ಐದು ಲಕ್ಷ ಟನ್ನುಗಳನ್ನು ಮೀರಿದ ಬೆಳೆ ಬಂದುದೂ ಜಾಗತಿಕ ಬೆಲೆ ಕುಸಿದುದೂ ಒಮ್ಮೆಗೇ ಸಂಭವಿಸಿ ವಿದೇಶಿ ಸಾಲವು ಕುತ್ತಿಗೆಗೆ ಬಂದಿತು. 1966ರ ಫೆಬ್ರವರಿ 24ರಂದು ಸೈನ್ಯವು ಅವರನ್ನು ಪದಚ್ಯುತಗೊಳಿಸಿತು.

ಮುಂದಿನ ಕಥೆ ದಾರುಣವಾದುದು. ಸೆಡಿ ನಾಣ್ಯದ ಅಧಿಕೃತ ವಿನಿಮಯ ದರವು ವಾಸ್ತವಕ್ಕೆ ಸಂಬಂಧವಿಲ್ಲದೆ ಎತ್ತರದಲ್ಲಿಯೇ ನಿಂತುದರಿಂದ ಮಂಡಲಿಯು ಕೊಡುತ್ತಿದ್ದ ಹಣಕ್ಕೆ ಸಂತೆಯಲ್ಲಿ ಬೆಲೆಯೇ ಇಲ್ಲದಾಯಿತು; 1977ರಲ್ಲಿ ಹಣದುಬ್ಬರವು ಶೇಕಡ ನೂರನ್ನು ದಾಟಿತು; ‘ಕಲಬುಲೆ’ ಎಂದು ಜನರು ಕರೆದ ಕಾಳಸಂತೆಯು ಎಲ್ಲೆಡೆ ವ್ಯಾಪಿಸಿತು. ಬೆಳೆಗಾರನು ಹಳೆಯ ಗಿಡಗಳನ್ನು ಕಿತ್ತು ಹೊಸತನ್ನು ನೆಡುವ ಉತ್ಸಾಹವನ್ನೇ ಕಳೆದುಕೊಂಡು, ಇದ್ದ ಫಸಲನ್ನು ರಾತ್ರೋರಾತ್ರಿ ಐವರಿ ಕೋಸ್ಟಿಗೆ ಸಾಗಿಸಿದನು. ಆ ದೇಶವೇ ಅದೇ ದಶಕದ ಅಂತ್ಯದಲ್ಲಿ ಅಗ್ರಸ್ಥಾನವನ್ನು ಕಸಿದುಕೊಂಡಿತು. 1983ರಲ್ಲಿ ಅನಾವೃಷ್ಟಿ, ತೋಟಗಳನ್ನು ಸುಟ್ಟ ಕಾಳ್ಗಿಚ್ಚು, ನೈಜೀರಿಯದಿಂದ ಹೊರದೂಡಲ್ಪಟ್ಟ ಸುಮಾರು ಹತ್ತು ಲಕ್ಷ ಘಾನಾ ಪ್ರಜೆಗಳ ಆಗಮನ, ಇವೆಲ್ಲವೂ ಒಂದಾಗಿ ಬಂದುವು. ಹಸಿವಿನಿಂದ ಉಬ್ಬಿಕಂಡ ಕೊರಳೆಲುಬುಗಳನ್ನು ಜನರು ಅಂದಿನ ಅಧಿಪತಿಯ ಹೆಸರಿನಿಂದ ‘ರಾಲಿಂಗ್ಸ್ ಸರ’ವೆಂದರು. ಕೋಕೋ ಉತ್ಪಾದನೆಯು ಒಂದೂವರೆ ಲಕ್ಷ ಟನ್ನುಗಳ ಆಸುಪಾಸಿಗಿಳಿದಿತ್ತು.

ಆ ವರ್ಷವೇ, ಅಂತಾರಾಷ್ಟ್ರೀಯ ಹಣಕಾಸು ನಿಧಿಯ ನೆರವಿನೊಡನೆ, ರಾಲಿಂಗ್ಸರ ಸರ್ಕಾರವು ಆರ್ಥಿಕ ಪುನಶ್ಚೇತನ ಕಾರ್ಯಕ್ರಮವನ್ನು ಕೈಗೊಂಡಿತು. ಡಾಲರಿಗೆ 2.75 ಇದ್ದ ಸೆಡಿಯ ದರವನ್ನು 30ಕ್ಕೆ ಇಳಿಸಿ ರೈತನ ಬೆಲೆಯನ್ನು ಹೆಚ್ಚಿಸಿದೊಡನೆ ತೋಟಗಳು ಚಿಗುರಿದುವು. ನಗರಗಳ ಬಡವರೂ ಕೆಲಸ ಕಳೆದುಕೊಂಡ ನೌಕರರೂ ಅದರ ಬೆಲೆಯನ್ನು ತೆತ್ತರು. 2010ರ ಡಿಸೆಂಬರಿನಲ್ಲಿ ಸಮುದ್ರತಳದ ತೈಲವೂ ಹರಿಯತೊಡಗಿ, 2010–11ರಲ್ಲಿ ಕೋಕೋ ಹತ್ತು ಲಕ್ಷ ಟನ್ನುಗಳನ್ನು ದಾಟಿತು. ಆದರೂ ಸಾಲವು ಬೆಳೆಯುತ್ತಲೇ ಹೋಗಿ, 2022ರ ಡಿಸೆಂಬರಿನಲ್ಲಿ ದೇಶವು ತನ್ನ ಬಹುಪಾಲು ವಿದೇಶಿ ಸಾಲಗಳ ಮರುಪಾವತಿಯನ್ನು ನಿಲ್ಲಿಸಬೇಕಾಯಿತು.

ಇದಕ್ಕಿಂತ ಖೇದಕರವಾದುದು 2024ರ ಸಂಗತಿ. ಜಾಗತಿಕ ಬೆಲೆಯು ಟನ್ನಿಗೆ 10,000 ಡಾಲರುಗಳನ್ನು ಮೀರಿ ಹಿಂದೆಂದೂ ಕಾಣದ ಮಟ್ಟವನ್ನು ಮುಟ್ಟಿದಾಗ, ಮಂಡಲಿಯು ಫಸಲಿನ ಬಹುಭಾಗವನ್ನು ಮುಂಗಡ ಕರಾರಿನಲ್ಲಿ ಕಡಿಮೆ ದರಕ್ಕೆ ಮೊದಲೇ ಮಾರಿದ್ದುದರಿಂದ ರೈತನಿಗೆ ಆ ಏರಿಕೆಯ ಫಲ ಪೂರ್ಣವಾಗಿ ದಕ್ಕಲಿಲ್ಲ. ಗಿಡಗಳನ್ನು ರೋಗವು ಬಾಧಿಸುತ್ತಿದ್ದಿತು. ಕೆಲವರು ತೋಟದ ನೆಲವನ್ನೇ ಅಕ್ರಮವಾಗಿ ಚಿನ್ನ ಅಗೆಯುವವರಿಗೆ ಬಿಟ್ಟುಕೊಟ್ಟರು. ಉಳಿದ ಫಸಲಿನಲ್ಲಿ ಒಂದು ಪಾಲು, ಅರ್ಧ ಶತಮಾನದ ಹಿಂದಿನಂತೆಯೇ, ಗಡಿ ದಾಟಿ ಹೋಯಿತು.