ಕೊಲ್ಲುವ ಜೇಡ, ಕಾಯುವ ಜೇಡ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಸಣ್ಣ ಊರೊಂದರಲ್ಲಿ ಮನೆಯಷ್ಟು ದೊಡ್ಡ ಜೇಡವೊಂದು ಜನರನ್ನು ಅಟ್ಟಿಸಿಕೊಂಡು ಬರುತ್ತದೆ. ಇದು 1975ರಲ್ಲಿ ತೆರೆಕಂಡ ‘ದಿ ಜೈಂಟ್ ಸ್ಪೈಡರ್ ಇನ್‌ವೇಷನ್’ ಚಿತ್ರದ ದೃಶ್ಯ. ಆ ಜೇಡದ ಹೊಟ್ಟೆಯೊಳಗೆ ಇದ್ದುದು ಒಂದು ಫೋಕ್ಸ್‌ವ್ಯಾಗನ್ ಬೀಟಲ್ ಕಾರು. ಕಾರಿನ ಮೇಲೆ ಕಪ್ಪು ಕೂದಲಿನ ಹೊದಿಕೆ, ಪಕ್ಕಕ್ಕೆ ಎಂಟು ಕಾಲು. ಒಳಗೆ ಕುಳಿತವರು ಕಾಲುಗಳನ್ನು ಆಡಿಸುತ್ತಿದ್ದರು. ನಿರ್ದೇಶಕ ಬಿಲ್ ರೆಬೇನ್ ಕೈಯಲ್ಲಿದ್ದ ಹಣಕ್ಕೆ ಅದಕ್ಕಿಂತ ದೊಡ್ಡ ಭೂತ ದಕ್ಕುವಂತಿರಲಿಲ್ಲ.

ಅದೇ 1975ರಲ್ಲಿ ಕನ್ನಡದಲ್ಲಿ ರಾಜೇಂದ್ರಸಿಂಗ್ ಬಾಬು ಅವರ ‘ನಾಗಕನ್ಯೆ’ ಬಂತು. ಅಲ್ಲಿ ಜೇಡ, ಇಲ್ಲಿ ಹಾವು. ಕನ್ನಡ ಚಿತ್ರರಂಗ ದೆವ್ವ, ಮಾಟ, ಮೋಹಿನಿ, ನಾಗಿಣಿಗಳನ್ನೆಲ್ಲ ತೆರೆಗೆ ತಂದಿದೆ. ಆದರೆ ಕೊಲೆಗಡುಕ ಜೇಡದ ಚಿತ್ರ ಇಲ್ಲಿ ಬೇರೂರಲೇ ಇಲ್ಲ. ಕಡಿಮೆ ಖರ್ಚಿನಲ್ಲಿ ಹೆದರಿಸುವ ಚಿತ್ರ ಮಾಡುವವರು ನಮ್ಮಲ್ಲೂ ಇದ್ದರು, ಜೇಡಕ್ಕಂತೂ ಬರವಿಲ್ಲ. ಹಾಗಾದರೆ ಕಾರಣವೇನು? ತುಂಗಭದ್ರೆಯ ದಂಡೆಯ ಹಂಪಿ, ಕಂಪ್ಲಿಗಳ ಸೀಮೆಯಲ್ಲಿ ನಿಂತು ಹುಡುಕಿದರೆ ಈ ಪ್ರಶ್ನೆಗೆ ಉತ್ತರ ಸಿಗುತ್ತದೆ. ಆ ಉತ್ತರ ಸಿನಿಮಾದಲ್ಲಿ ಶುರುವಾಗಿ ಭತ್ತದ ಗದ್ದೆಯಲ್ಲಿ ಮುಗಿಯುತ್ತದೆ.

ಅಣುಬಾಂಬಿನ ಕೂಸು

ಅಮೆರಿಕದ ದೈತ್ಯ ಜೇಡ ಹುಟ್ಟಿದ್ದು ಅಣುಯುಗದ ಭಯದಲ್ಲಿ. 1945ರಲ್ಲಿ ಹಿರೋಷಿಮಾ, ನಾಗಸಾಕಿಗಳ ಮೇಲೆ ಬಾಂಬು ಬಿತ್ತು. 1951ರಿಂದ ಅಮೆರಿಕ ತನ್ನದೇ ನೆವಾಡಾ ಮರುಭೂಮಿಯಲ್ಲಿ ಪರೀಕ್ಷಾ ಸ್ಫೋಟಗಳನ್ನು ನಡೆಸತೊಡಗಿತು. ವಿಕಿರಣ ಕಣ್ಣಿಗೆ ಕಾಣದು, ಅದು ಏನು ಮಾಡೀತೆಂಬುದು ಸಾಮಾನ್ಯರಿಗೆ ತಿಳಿಯದು. ಆ ಕಾಣದ ಭಯಕ್ಕೆ ಸಿನಿಮಾ ಒಂದು ದೇಹ ಕೊಟ್ಟಿತು. 1954ರ ‘ದೆಮ್!’ ಚಿತ್ರದಲ್ಲಿ ಇರುವೆಗಳು ಆನೆಯ ಗಾತ್ರಕ್ಕೆ ಬೆಳೆದವು. ಮರುವರ್ಷ ಜ್ಯಾಕ್ ಆರ್ನಾಲ್ಡ್ ನಿರ್ದೇಶಿಸಿದ ‘ಟ್ಯಾರಂಟುಲಾ’ ಬಂತು.

‘ಟ್ಯಾರಂಟುಲಾ’ದ ವಿಜ್ಞಾನಿ ದುಷ್ಟನಲ್ಲ. ಏರುತ್ತಿರುವ ಜನಸಂಖ್ಯೆಗೆ ಅನ್ನ ಒದಗಿಸಬೇಕೆಂದು ಅವನು ವಿಕಿರಣ ಬೆರೆಸಿದ ಪೌಷ್ಟಿಕ ದ್ರವ ತಯಾರಿಸುತ್ತಾನೆ. ಅದನ್ನು ಚುಚ್ಚಿಸಿಕೊಂಡ ಜೇಡ ಪ್ರಯೋಗಶಾಲೆಯಿಂದ ತಪ್ಪಿಸಿಕೊಂಡು ಗುಡ್ಡದಷ್ಟು ಬೆಳೆಯುತ್ತದೆ. ಕೊನೆಗೆ ವಾಯುಪಡೆಯ ವಿಮಾನಗಳು ನೇಪಾಮ್ ಸುರಿದು ಅದನ್ನು ಸುಡುತ್ತವೆ. ಆ ಪೈಲಟ್‌ಗಳ ನಾಯಕನ ಪುಟ್ಟ ಪಾತ್ರದಲ್ಲಿ ಮುಖವಾಡದೊಳಗೆ ಇದ್ದವರು ಆಗ ಹೆಸರಿಲ್ಲದ ನಟ ಕ್ಲಿಂಟ್ ಈಸ್ಟ್‌ವುಡ್.

ಈ ಚಿತ್ರಗಳ ಹಿಂದೆ ಭಯದ ಜೊತೆಗೆ ವ್ಯಾಪಾರವೂ ಇತ್ತು. ಟೆಲಿವಿಷನ್ ಬಂದು ಸಂಸಾರಸ್ಥರನ್ನು ಮನೆಯಲ್ಲೇ ಕೂರಿಸಿದಾಗ ಚಿತ್ರಮಂದಿರಕ್ಕೆ ಉಳಿದವರು ಹದಿಹರೆಯದವರು. ಕಾರಿನಲ್ಲೇ ಕುಳಿತು ಬಯಲಿನಲ್ಲಿ ಸಿನಿಮಾ ನೋಡುವ ‘ಡ್ರೈವ್ ಇನ್’ಗಳು ಅವರಿಗಾಗಿ ಒಂದೇ ಟಿಕೇಟಿಗೆ ಎರಡು ಚಿತ್ರ ತೋರಿಸುತ್ತಿದ್ದವು. ಆದ್ದರಿಂದ ಬೇಗ ಮುಗಿಯುವ, ಅಗ್ಗದ ಚಿತ್ರಗಳು ಬೇಕಾದವು. ಜೇಡಕ್ಕೆ ಸಂಭಾವನೆ ಕೊಡಬೇಕಿಲ್ಲ. ಪುಟ್ಟ ಗುಡ್ಡಗಳ ಮಾದರಿ ಕಟ್ಟಿ, ಅದರ ಮೇಲೆ ನಿಜವಾದ ಜೇಡವನ್ನು ಬಿಟ್ಟು, ಸಣ್ಣ ಕೊಳವೆಯಿಂದ ಗಾಳಿ ಊದಿದರೆ ಅದು ಬೇಕಾದ ಕಡೆ ನಡೆಯುತ್ತದೆ. ಆ ಚಿತ್ರವನ್ನು ಓಡುವ ಮನುಷ್ಯರ ಚಿತ್ರದೊಂದಿಗೆ ಬೆಸೆದರೆ ದೈತ್ಯ ಸಿದ್ಧ. 1958ರ ‘ಅರ್ತ್ ವರ್ಸಸ್ ದಿ ಸ್ಪೈಡರ್’ನಲ್ಲಿ ಬರ್ಟ್ ಗಾರ್ಡನ್ ಇನ್ನೂ ಒಂದು ಉಳಿತಾಯ ಕಂಡುಕೊಂಡರು. ಜೇಡ ವಾಸಿಸುವ ಗವಿಯ ದೃಶ್ಯಗಳಿಗೆ ಕಾರ್ಲ್ಸ್‌ಬಾಡ್ ಗವಿಗಳ ಛಾಯಾಚಿತ್ರಗಳನ್ನೇ ಹಿನ್ನೆಲೆಯಾಗಿ ಬಳಸಿಬಿಟ್ಟರು.

ಎಪ್ಪತ್ತರ ದಶಕಕ್ಕೆ ಭಯದ ಬಣ್ಣ ಬದಲಾಯಿತು. 1962ರಲ್ಲಿ ರೇಚಲ್ ಕಾರ್ಸನ್ ಅವರ ‘ಸೈಲೆಂಟ್ ಸ್ಪ್ರಿಂಗ್’ ಪುಸ್ತಕ ಕೀಟನಾಶಕಗಳ ಅಪಾಯವನ್ನು ಮನೆಮಾತಾಗಿಸಿತ್ತು. 1972ರಲ್ಲಿ ಅಮೆರಿಕ ಕೃಷಿಯಲ್ಲಿ ಡಿಡಿಟಿ ಬಳಕೆಯನ್ನು ನಿಷೇಧಿಸಿತು. 1977ರ ‘ಕಿಂಗ್‌ಡಮ್ ಆಫ್ ದಿ ಸ್ಪೈಡರ್ಸ್’ ಈ ಮಾತನ್ನೇ ಕತೆಯಾಗಿಸಿತು. ಹೊಲಕ್ಕೆ ಹೊಡೆದ ವಿಷದಿಂದ ಜೇಡಗಳ ಆಹಾರವಾದ ಹುಳುಗಳೆಲ್ಲ ಸಾಯುತ್ತವೆ. ಹಸಿದ ಜೇಡಗಳು ಗುಂಪುಗಟ್ಟಿ ದನಕರುಗಳ ಮೇಲೆ, ಆಮೇಲೆ ಊರಿನ ಮೇಲೆ ಬೀಳುತ್ತವೆ. ಕೊನೆಯ ದೃಶ್ಯದಲ್ಲಿ ಇಡೀ ಊರು ಬಲೆಯೊಳಗೆ ಮುಚ್ಚಿಹೋಗಿರುತ್ತದೆ.

ಆ ಚಿತ್ರಕ್ಕೆ ಸುಮಾರು 5 ಲಕ್ಷ ಡಾಲರ್ ಖರ್ಚಾಯಿತು. ಅದರಲ್ಲಿ 50 ಸಾವಿರ ಜೇಡಗಳಿಗೇ ಹೋಯಿತು: ತಲಾ 10 ಡಾಲರ್‌ನಂತೆ 5 ಸಾವಿರ ಜೇಡಗಳು. ಆದರೆ ಈ ‘ಕೊಲೆಗಡುಕರು’ ಮನುಷ್ಯರನ್ನು ಕಂಡರೆ ಓಡಿಹೋಗುತ್ತಿದ್ದವು. ನಟರತ್ತ ತಳ್ಳಲು ಫ್ಯಾನು, ಗಾಳಿಕೊಳವೆ ಬೇಕಾದವು. ಒಟ್ಟಿಗೆ ಇಟ್ಟರೆ ಒಂದನ್ನೊಂದು ತಿನ್ನುವುದರಿಂದ ಪ್ರತಿಯೊಂದಕ್ಕೂ ಬೇರೆ ಡಬ್ಬಿ ಮಾಡಬೇಕಾಯಿತು. ಕ್ಯಾಮೆರಾದ ಮುಂದೆ ಸತ್ತವರು ಯಾರಾದರೂ ಇದ್ದರೆ ಅವು ಜೇಡಗಳೇ.

ನೇಕಾರ ಮತ್ತು ಭಕ್ತ

ನಮ್ಮ ನೆಲದಲ್ಲಿ ಜೇಡದ ಚರಿತ್ರೆ ಬೇರೆ. ಹಳೆಯ ಕನ್ನಡದಲ್ಲಿ ‘ಜೇಡ’ ಎಂದರೆ ನೇಕಾರನೂ ಹೌದು, ಹುಳುವೂ ಹೌದು. ವಚನಕಾರ ಜೇಡರ ದಾಸಿಮಯ್ಯನ ಹೆಸರಿನಲ್ಲಿರುವುದು ಮಗ್ಗದ ಕಾಯಕ. ಭಾಷೆಯೇ ಹುಳುವಿಗೆ ಕಸುಬುದಾರನ ಹೆಸರಿಟ್ಟ ಮೇಲೆ ಅದನ್ನು ರಾಕ್ಷಸನನ್ನಾಗಿ ಮಾಡುವುದು ಕಷ್ಟ. ಮುಂಡಕ ಉಪನಿಷತ್ತಂತೂ ಸೃಷ್ಟಿಯ ಗುಟ್ಟನ್ನು ವಿವರಿಸಲು ಜೇಡವನ್ನೇ ಉದಾಹರಣೆಯಾಗಿ ತೆಗೆದುಕೊಂಡಿದೆ. ತನ್ನೊಳಗಿನಿಂದಲೇ ನೂಲು ತೆಗೆದು, ಮತ್ತೆ ತನ್ನೊಳಕ್ಕೇ ಎಳೆದುಕೊಳ್ಳುವ ಜೀವಿ ಎಂಬುದು ಅಲ್ಲಿನ ಕಲ್ಪನೆ.

ಹಂಪಿಯ ಅರಸರಿಗೂ ಜೇಡಕ್ಕೂ ಒಂದು ನಂಟು ಉಂಟು. ಶ್ರೀಕಾಳಹಸ್ತಿ ಕ್ಷೇತ್ರದ ಹೆಸರನ್ನು ಬಿಡಿಸಿದರೆ ಶ್ರೀ ಎಂದರೆ ಜೇಡ, ಕಾಳ ಎಂದರೆ ಹಾವು, ಹಸ್ತಿ ಎಂದರೆ ಆನೆ. ಮೂರೂ ಶಿವನನ್ನು ಪೂಜಿಸಿ ಮುಕ್ತಿ ಪಡೆದವೆಂಬುದು ಸ್ಥಳಪುರಾಣ. ಜೇಡ ಲಿಂಗದ ಸುತ್ತ ತನ್ನ ನೂಲಿನಿಂದಲೇ ಗುಡಿ ಕಟ್ಟಿತಂತೆ. ದೀಪದ ಜ್ವಾಲೆ ಅದನ್ನು ಸುಟ್ಟಾಗ ದೀಪವನ್ನೇ ನುಂಗಲು ಹೋಯಿತಂತೆ. ಕೃಷ್ಣದೇವರಾಯನ ಆಸ್ಥಾನದ ಅಷ್ಟದಿಗ್ಗಜರಲ್ಲಿ ಒಬ್ಬನೆಂದು ಪರಂಪರೆ ಎಣಿಸುವ ಧೂರ್ಜಟಿ ಈ ಕತೆಯನ್ನು ತೆಲುಗಿನಲ್ಲಿ ಕಾವ್ಯವಾಗಿಸಿದ. ಅದೇ ಕ್ಷೇತ್ರದಲ್ಲಿ 1516ರ ಸುಮಾರಿಗೆ ರಾಯ ದೊಡ್ಡ ಗೋಪುರವನ್ನೂ ನೂರು ಕಂಬಗಳ ಮಂಟಪವನ್ನೂ ಕಟ್ಟಿಸಿದ. ಅವನ ತಮ್ಮ ಅಚ್ಯುತರಾಯನ ಪಟ್ಟಾಭಿಷೇಕವೂ 1529ರಲ್ಲಿ ಅಲ್ಲಿ ನಡೆಯಿತು.

ಸಿನಿಮಾದ ಲೆಕ್ಕದಲ್ಲಿ ಹೇಳುವುದಾದರೆ, ಅಮೆರಿಕದಲ್ಲಿ ದೈತ್ಯ ಇರುವೆಗಳು ತೆರೆಗೆ ಬಂದ 1954ರಲ್ಲೇ ಕನ್ನಡದಲ್ಲಿ ‘ಬೇಡರ ಕಣ್ಣಪ್ಪ’ ಬಂತು. ರಾಜಕುಮಾರ್ ನಾಯಕರಾದ ಆ ಮೊದಲ ಚಿತ್ರದ ಕಣ್ಣಪ್ಪ ಇದೇ ಕಾಳಹಸ್ತಿಯ ಭಕ್ತ. ಕ್ಷೇತ್ರ ಅದೇ, ಆದರೆ ಅಲ್ಲಿನ ಜೇಡ ಭಯಕ್ಕೆ ಕಾರಣವಲ್ಲ, ಕಣ್ಣಪ್ಪನಿಗಿಂತ ಮೊದಲಿನ ಭಕ್ತ.

ಮನೆಯೊಳಗೂ ಜೇಡದ ಮೇಲಿನ ಆರೋಪ ಸಣ್ಣದೇ. ಮೈಮೇಲೆ ಗುಳ್ಳೆ ಎದ್ದರೆ ‘ಜೇಡ ಉಚ್ಚೆ ಹೊಯ್ದಿದೆ’ ಎನ್ನುವುದುಂಟು. ಅದೇ ಸೊಂಟ ಸುತ್ತಿ ಉರಿಯುವ ಬೊಬ್ಬೆಗಳಾದರೆ ಅದು ‘ಸರ್ಪಸುತ್ತು’. ದೊಡ್ಡ ಕಾಯಿಲೆ ಹಾವಿಗೆ, ಚಿಲ್ಲರೆ ಕಾಯಿಲೆ ಜೇಡಕ್ಕೆ! ಈ ಹಂಚಿಕೆಗೆ ಕಾರಣವೂ ಇದೆ. ಭಾರತದಲ್ಲಿ 2000ದಿಂದ 2019ರವರೆಗೆ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಜಗತ್ತಿನಲ್ಲಿ ಗುರುತಿಸಲಾದ ಜೇಡಗಳು 50 ಸಾವಿರ ಜಾತಿಗೂ ಹೆಚ್ಚು. ಮನುಷ್ಯನ ಜೀವಕ್ಕೆ ಅಪಾಯ ತರುವವು ಬೆರಳೆಣಿಕೆಯಷ್ಟು. ಹೊಲದಲ್ಲಿ ಬರಿಗಾಲಲ್ಲಿ ನಡೆಯುವ ಜನ ತೆರೆಯ ಮೇಲೆ ಯಾರಿಗೆ ಹೆದರುತ್ತಾರೆಂದು ನಿರ್ಮಾಪಕರಿಗೆ ಹೇಳಿಕೊಡಬೇಕಿರಲಿಲ್ಲ. ಹಾವಾಡಿಗರ ಬುಟ್ಟಿಯಲ್ಲಿ ನಾಗರಹಾವೂ ಅಗ್ಗಕ್ಕೆ ಸಿಗುತ್ತಿತ್ತು.

ಇನ್ನೊಂದು ವ್ಯತ್ಯಾಸವೂ ಗಮನಿಸತಕ್ಕದ್ದು. ನಮ್ಮ ಚಿತ್ರಗಳ ಹಾವು ಹಗೆ ಸಾಧಿಸುತ್ತದೆ. ತಪ್ಪು ಮಾಡಿದವನನ್ನೇ ಹುಡುಕಿಕೊಂಡು ಬರುತ್ತದೆ. ಅಮೆರಿಕದ ಜೇಡಕ್ಕೆ ಯಾರ ಮೇಲೂ ಹಗೆಯಿಲ್ಲ. ವಿಜ್ಞಾನಿ ಮಾಡಿದ ತಪ್ಪಿಗೆ ಊರಿಗೆ ಊರೇ ದಂಡ ತೆರುತ್ತದೆ. 2012ರ ತೆಲುಗು ಚಿತ್ರ ‘ಈಗ’ದಲ್ಲಿ ನೊಣವೊಂದು ಮನುಷ್ಯನನ್ನು ಕೊಲ್ಲಲು ಹೊರಟಾಗಲೂ ಪ್ರೇಕ್ಷಕರು ನೊಣದ ಪಕ್ಷವನ್ನೇ ವಹಿಸಿದರು. ಅದು ಮರುಜನ್ಮ ಪಡೆದ ಪ್ರೇಮಿ. ಖಳ ಕನ್ನಡದ ಸುದೀಪ್. ಇನ್ನು 1968ರ ‘ಜೇಡರ ಬಲೆ’ಯ ಹೆಸರು ಕೇಳಿ ಜೇಡವನ್ನು ಹುಡುಕಿದವರಿಗೆ ಸಿಕ್ಕಿದ್ದು ರಾಜಕುಮಾರ್ ಅವರ ಪತ್ತೇದಾರ ಸಿಐಡಿ 999. ದೆವ್ವದ ಚಿತ್ರಗಳಲ್ಲೂ ಪಾಳುಬಂಗಲೆಯ ಮೂಲೆಯಲ್ಲಿ ಬಲೆ ಇರುತ್ತದೆ, ಜೇಡ ಇರುವುದಿಲ್ಲ.

ಕಂಪ್ಲಿಯ ಗದ್ದೆಯಲ್ಲಿ

ಹಾಗೆಂದು ‘ಕಿಂಗ್‌ಡಮ್ ಆಫ್ ದಿ ಸ್ಪೈಡರ್ಸ್’ನ ಕತೆ ನಮಗೆ ಸಂಬಂಧವಿಲ್ಲದ್ದೆಂದು ತಳ್ಳಿಹಾಕುವಂತಿಲ್ಲ. ವಿಷ ಹೊಡೆದರೆ ಪ್ರಕೃತಿಯ ಲೆಕ್ಕ ತಪ್ಪುತ್ತದೆ ಎಂಬ ಅದರ ತಿರುಳು ನಿಜ. ಆದರೆ ಭತ್ತದ ಗದ್ದೆಯಲ್ಲಿ ಆ ಲೆಕ್ಕ ತಪ್ಪುವ ರೀತಿ ಸಿನಿಮಾದ ತದ್ವಿರುದ್ಧ.

ವಿಜಯನಗರದ ಕಾಲದ ಕಾಲುವೆಗಳೂ, 1953ರಲ್ಲಿ ನೀರು ನಿಲ್ಲಿಸಿದ ತುಂಗಭದ್ರಾ ಅಣೆಕಟ್ಟಿನ ಕಾಲುವೆಗಳೂ ಹೊಸಪೇಟೆ, ಕಂಪ್ಲಿ, ಸಿರುಗುಪ್ಪ, ಗಂಗಾವತಿಗಳನ್ನು ಭತ್ತದ ಸೀಮೆಯಾಗಿಸಿವೆ. ಇಲ್ಲಿನ ರೈತರು ಅಂಜುವ ಕೀಟಗಳಲ್ಲಿ ಕಂದು ಜಿಗಿಹುಳು ಮುಖ್ಯ. ಅದು ಪೈರಿನ ಬುಡದಲ್ಲಿ ಕುಳಿತು ರಸ ಹೀರುತ್ತದೆ. ಗದ್ದೆ ನಡುನಡುವೆ ವೃತ್ತಾಕಾರವಾಗಿ ಸುಟ್ಟಂತೆ ಒಣಗುತ್ತದೆ. ಇದರ ದೊಡ್ಡ ಶತ್ರು ನೀರಿನ ಮೇಲೂ ಓಡಾಡಬಲ್ಲ, ಬಲೆ ಹೆಣೆಯದ ತೋಳ ಜೇಡ. ಒಂದು ಜೇಡ ದಿನಕ್ಕೆ 5ರಿಂದ 15 ಹುಳುಗಳನ್ನು ಹಿಡಿಯುತ್ತದೆಂದು ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಹೇಳುತ್ತದೆ.

ರೈತರ ಮಾತಿನಲ್ಲಿ ‘ಎಣ್ಣೆ ಹೊಡೆದಾಗ’ ಆಗುವುದೇನು? ಜಿಗಿಹುಳುವಿನ ಮೊಟ್ಟೆಗಳು ಪೈರಿನ ದಂಟಿನೊಳಗೆ ಭದ್ರವಾಗಿರುತ್ತವೆ. ವಿಷಕ್ಕೆ ಸಿಗುವುದು ಹೊರಗಿರುವ ಹುಳುಗಳು ಮತ್ತು ಜೇಡಗಳು. ಕೆಲವೇ ದಿನಗಳಲ್ಲಿ ಮೊಟ್ಟೆ ಒಡೆದು ಮರಿಗಳು ಬಂದಾಗ ಅವನ್ನು ತಿನ್ನುವವರೇ ಇರುವುದಿಲ್ಲ. ಹುಳು ಮೊದಲಿಗಿಂತ ಹೆಚ್ಚುತ್ತದೆ, ರೈತ ಮತ್ತೆ ಎಣ್ಣೆ ತರುತ್ತಾನೆ, ಸಾಲ ಬೆಳೆಯುತ್ತದೆ. ಇಂಡೋನೇಷ್ಯಾ ಈ ಪಾಠವನ್ನು ದುಬಾರಿ ಬೆಲೆ ತೆತ್ತು ಕಲಿತು, 1986ರಲ್ಲಿ ಅಧ್ಯಕ್ಷರ ಆದೇಶದ ಮೂಲಕ ಭತ್ತಕ್ಕೆ 57 ಕೀಟನಾಶಕಗಳ ಬಳಕೆಯನ್ನೇ ನಿಷೇಧಿಸಿತು. ಸಿನಿಮಾದಲ್ಲಿ ವಿಷದಿಂದಾಗಿ ಜೇಡಗಳು ಬಂದು ಊರನ್ನು ಕೊಂದವು. ಗದ್ದೆಯಲ್ಲಿ ವಿಷದಿಂದಾಗಿ ಜೇಡಗಳು ಹೋಗಿ ಬೆಳೆ ಸಾಯುತ್ತದೆ.

ಟ್ಯಾರಂಟುಲಾ ಜೇಡಗಳಿಗೆ ಇರುವ ಅಪಾಯವೂ ದೂರದ್ದಲ್ಲ. ಹೊಸಪೇಟೆಯಿಂದ ಬಳ್ಳಾರಿ, ಗುಂತಕಲ್ ಮೂಲಕ ಪೂರ್ವಕ್ಕೆ ಹೋಗುವ ರೈಲುದಾರಿಯಲ್ಲಿ ಆಂಧ್ರದ ಗುತ್ತಿ ಸಿಗುತ್ತದೆ. 1899ರಲ್ಲಿ ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಪೋಕಾಕ್ ಅಲ್ಲಿನ ರೈಲ್ವೆ ಕಟ್ಟಿಗೆ ಅಂಗಳದಲ್ಲಿ ಸಿಕ್ಕ ನೀಲಿ ಬಣ್ಣದ ಜೇಡವನ್ನು ವಿವರಿಸಿದ. ಆಮೇಲೆ ನೂರು ವರ್ಷ ಅದು ಕಾಡಿನಲ್ಲಿ ಕಂಡುಬರಲಿಲ್ಲ. 2001ರಲ್ಲಿ ನಂದ್ಯಾಲ ಮತ್ತು ಗಿದ್ದಲೂರು ನಡುವಿನ ಕಾಡಿನಲ್ಲಿ ಮತ್ತೆ ಸಿಕ್ಕಿತು. ಹಳೆಯ ಮರಗಳ ಪೊಟರೆಯಲ್ಲಿ ಬದುಕುವ ಈ ಜೇಡ ಸೌದೆಗಾಗಿ ಮರ ಕಡಿಯುವುದರಿಂದಲೂ, ಸಾಕುವ ಶೋಕಿಯವರಿಗಾಗಿ ಹಿಡಿಯುವುದರಿಂದಲೂ ಅಳಿವಿನ ಅಂಚಿಗೆ ಬಂದು, 2008ರಲ್ಲಿ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿ ಸೇರಿತು. ಅದಿರಿಗಾಗಿ ಬೆಟ್ಟಗಳನ್ನು ಅಗೆದ ಸಂಡೂರಿನಲ್ಲಿ, 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆಗೆ ತಡೆ ಹಾಕಬೇಕಾದ ಆ ಸೀಮೆಯಲ್ಲಿ, ಹಳೆಯ ಮರಗಳ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಗ್ಗದ ಚಿತ್ರಗಳ ಜೇಡ ಯಾರಿಗೂ ಹೆಚ್ಚು ಕೇಡು ಮಾಡಲಿಲ್ಲ. ಜನ ಚೀರಿದರು, ನಕ್ಕರು, ಮನೆಗೆ ಹೋದರು. ಕೇಡು ಇರುವುದು ಹುಳುವೆಂದರೆಲ್ಲ ಕೊಲ್ಲಬೇಕಾದದ್ದೇ ಎಂಬ ಅಭ್ಯಾಸದಲ್ಲಿ. ಎಣ್ಣೆಯ ಡಬ್ಬಿ ತೆರೆಯುವ ಮುನ್ನ ಪೈರಿನ ಬುಡ ಬಿಡಿಸಿ ಜಿಗಿಹುಳು ಎಷ್ಟು, ಜೇಡ ಎಷ್ಟು ಎಂದು ಎಣಿಸಿ ನೋಡಿರೆಂದು ಕೃಷಿ ವಿಜ್ಞಾನಿಗಳು ಹೇಳುತ್ತಾರೆ. ಜೇಡಗಳು ಸಾಕಷ್ಟಿದ್ದರೆ ಆ ವಾರದ ಎಣ್ಣೆಯ ದುಡ್ಡು ರೈತನ ಜೇಬಿನಲ್ಲೇ ಉಳಿಯುತ್ತದೆ.